ಉಪ್ಪುಗಾಳಿ ತಿಂದ ಎರಡು ನಂಬರ್ ಪ್ಲೇಟು: ಕೆಲಸದ ದಾಖಲೆ

ಜಾಗ: ಮುಂಬಯಿಯ ಮಾಟುಂಗ, ಮೂರನೇ ಮಹಡಿಯ ಬಾಲ್ಕನಿ. ಕಾಲ: ಫೆಬ್ರವರಿ. ತಗಡು ಎರಡು. ಕೆಲಸ: ತುಕ್ಕು, ಉಪ್ಪು ತೆಗೆದು ಹಳೆ ಅಕ್ಷರದಲ್ಲೇ ಮತ್ತೆ ಬರೆಯುವುದು.

ಮೊದಲನೆಯದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಬೈಕಿನ ಹಿಂದಿನ ಪ್ಲೇಟು. ಉಕ್ಕು, ದಪ್ಪ ಸುಮಾರು 0.9 ಮಿ.ಮೀ., ಅಳತೆ 230 × 150 ಮಿ.ಮೀ. ಮೇಲೆ ‘ಎಂವೈ’ಯಿಂದ ಶುರುವಾಗುವ ಮೂರು ಅಕ್ಷರ, ಕೆಳಗೆ ನಾಲ್ಕು ಅಂಕಿ, ಎಲ್ಲ ಕೈಬರಹ. ಎರಡನೆಯದು ಬೊಂಬಾಯಿ ಕಾರಿನ ಮುಂದಿನ ಪ್ಲೇಟು. ಅಲ್ಯೂಮಿನಿಯಂ, ದಪ್ಪ 1 ಮಿ.ಮೀ., ‘ಎಂಆರ್’ ಸರಣಿ, ಡೈಯಲ್ಲಿ ಒತ್ತಿ ಉಬ್ಬಿಸಿದ ಅಕ್ಷರ, ಉಬ್ಬು ಸುಮಾರು ಒಂದೂವರೆ ಮಿ.ಮೀ. ಇದರ ಒಂದು ಮೂಲೆ ಮಡಚಿದೆ, ಬೋಲ್ಟಿನ ತೂತಿನಿಂದ 8 ಮಿ.ಮೀ. ಉದ್ದದ ಬಿರುಕು ಹೊರಟಿದೆ. ಯಾವುದು ಯಾವ ಲೋಹ ಅನ್ನುವುದನ್ನು ಫ್ರಿಜ್ಜಿನ ಬಾಗಿಲಿನ ಮ್ಯಾಗ್ನೆಟ್ಟು ಹಿಡಿದು ಮೊದಲೇ ಖಚಿತ ಮಾಡಿಕೊಳ್ಳಬೇಕು. ಮುಂದಿನ ಪ್ರತಿ ಹೆಜ್ಜೆಯಲ್ಲೂ ಈ ಎರಡರ ದಾರಿ ಬೇರೆ. ಉಕ್ಕಿಗೆ ಹಿತವಾದ ವಾಷಿಂಗ್ ಸೋಡಾ ಅಲ್ಯೂಮಿನಿಯಮ್ಮನ್ನು ಕಪ್ಪಾಗಿಸಿ ಕೊರೆಯುತ್ತದೆ. ಅಲ್ಯೂಮಿನಿಯಮ್ಮಿಗೆ ಬೇಕಾದ ಪ್ರೈಮರ್ ಉಕ್ಕಿಗೆ ಅಗತ್ಯವೇ ಇಲ್ಲ.

ಬಣ್ಣದ ವಿಚಾರ ಮೊದಲು. ಮೂರಕ್ಷರದ ಹಳೆ ಸರಣಿಗಳು ಹೋಗಿ ಎಂಎಚ್ 01, ಎಂಎಚ್ 12, ಕೆಎ 22 ಥರದ ನಂಬರು ಬಂದದ್ದು 1988ರ ಮೋಟಾರು ವಾಹನ ಕಾಯ್ದೆಯಿಂದ. ಅದು ಜಾರಿಗೆ ಬಂದದ್ದು 1989ರ ಜುಲೈ 1ರಂದು. ಆದರೆ ಸ್ವಂತ ಗಾಡಿಗಳ ಕಪ್ಪು ತಗಡು, ಬಿಳಿ ಅಕ್ಷರ ಅದಾದ ಮೇಲೂ ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಉಳಿದಿತ್ತು. ಹಾಗಾಗಿ ಎಂಎಚ್ 12 ಎಂದು ಬರೆದ ಕಪ್ಪು ಪ್ಲೇಟು ಪುಣೆಯಲ್ಲಿ ಸಿಕ್ಕರೆ ಅದು ಸರಿಯಾದದ್ದೇ, ಬಿಳಿ ಬಳಿದು ‘ತಿದ್ದ’ಬಾರದು. ಗೋವಾದ ‘ಜಿಡಿ’ ಸರಣಿಯ ತಗಡುಗಳಿಗೂ ಇದೇ ಮಾತು.

ದಿನ 1: ಅಕ್ಷರದ ನಕಲು

ಬಣ್ಣ ಕೀಳುವ ಮೊದಲು ಅಕ್ಷರ ತೆಗೆದಿಟ್ಟುಕೊಳ್ಳಬೇಕು. ಈ ಇಡೀ ಕೆಲಸದಲ್ಲಿ ತಪ್ಪಿದರೆ ಮತ್ತೆ ಸಿಗದ ಹೆಜ್ಜೆ ಇದೊಂದೇ. ತುಕ್ಕು ಹಿಡಿದ ತಗಡಿಗೆ ಬದಲಿ ತಗಡು ಸಿಗುತ್ತದೆ. ಐವತ್ತು ವರ್ಷದ ಹಿಂದಿನ ಪೇಂಟರ್ ‘5’ರ ಬಾಲವನ್ನು ಎಲ್ಲಿ ತಿರುಗಿಸಿದ್ದ, ‘ವೈ’ಯ ಎರಡು ತೋಳಲ್ಲಿ ಎಡದ್ದನ್ನು ಎಷ್ಟು ದಪ್ಪ ಮಾಡಿದ್ದ ಅನ್ನುವುದು ಆ ತಗಡಿನ ಮೇಲೆ ಬಿಟ್ಟರೆ ಬೇರೆಲ್ಲೂ ಇಲ್ಲ. ಕಂಪ್ಯೂಟರಿನ ಫಾಂಟಿನಿಂದ ಸ್ಟಿಕ್ಕರ್ ಕತ್ತರಿಸಿ ಅಂಟಿಸಿದ ‘ಹಳೆ’ ಪ್ಲೇಟುಗಳು ಹತ್ತಡಿ ದೂರದಿಂದಲೇ ಗೊತ್ತಾಗುವುದು ಇದರಿಂದ.

ತಗಡನ್ನು ಸೋಪುನೀರಿನಲ್ಲಿ ಮೆತ್ತಗೆ ತೊಳೆದು ಒರೆಸಿ, ಪಕ್ಕದಲ್ಲಿ ಉಕ್ಕಿನ ಸ್ಕೇಲ್ ಇಟ್ಟು ನೇರವಾಗಿ ಮೇಲಿನಿಂದ ಫೋಟೋ. ಆಮೇಲೆ ಕೋಣೆ ಕತ್ತಲು ಮಾಡಿ, ಟಾರ್ಚನ್ನು ತಗಡಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಹಿಡಿದು ಇನ್ನೊಂದು. ಈ ಓರೆ ಬೆಳಕಿನಲ್ಲಿ, ಮೇಲೆ ಬಳಿದ ಬಣ್ಣದ ಅಡಿಯಲ್ಲಿರುವ ಹಳೆ ಅಕ್ಷರದ ಏಣು ಎದ್ದು ಕಾಣುತ್ತದೆ. ಬೈಕಿನ ತಗಡಿನಲ್ಲಿ ಹೀಗೆ ಎರಡು ಬರಹ ಕಂಡವು. ಮೇಲಿನದು ಒಡ್ಡೊಡ್ಡು, ಕೆಳಗಿನದು ನುರಿತ ಕೈಯದು.

ಕೆಳಗಿನ ಬರಹ ತಲುಪಲು 600 ನಂಬರಿನ ವಾಟರ್ ಪೇಪರನ್ನು (ಒದ್ದೆ ಉಜ್ಜುವ ಮರಳುಕಾಗದ, ನಂಬರು ಹೆಚ್ಚಿದಷ್ಟೂ ನುಣುಪು) ರಬ್ಬರ್ ತುಂಡಿಗೆ ಸುತ್ತಿ, ನೀರು ಹಾಕುತ್ತ ಮೇಲಿನ ಪದರವನ್ನಷ್ಟೇ ಸವೆಸಬೇಕು. ಬಿಳಿ, ಕಪ್ಪು, ಮತ್ತೆ ಬಿಳಿ ಹೀಗೆ ಪದರಗಳು ಭೂಪಟದ ಗೆರೆಗಳಂತೆ ಬಿಡಿಸಿಕೊಳ್ಳುತ್ತವೆ. ಒಂದು ಅಕ್ಷರಕ್ಕೆ ಹದಿನೈದು ನಿಮಿಷ ಹಿಡಿಯಿತು. ಅವಸರ ಮಾಡಿದರೆ ಎರಡೂ ಬರಹ ಒಟ್ಟಿಗೆ ಹೋಗುತ್ತವೆ.

ಪೂರ್ತಿ ತೆರೆದ ಮೇಲೆ ಬಟರ್ ಪೇಪರ್ ಹಾಸಿ, ನಾಲ್ಕೂ ಬದಿ ಟೇಪು ಹಚ್ಚಿ, ಎಚ್‌ಬಿ ಪೆನ್ಸಿಲಿನ ಚೂಪಾದ ಮೊನೆಯಲ್ಲಿ ಅಕ್ಷರದ ಅಂಚು, ತಗಡಿನ ಅಂಚು, ತೂತುಗಳ ನಡು ಮೂರನ್ನೂ ಗುರುತಿಸಬೇಕು. ತೂತುಗಳ ಗುರುತು ಮರೆತರೆ ಹೊಸ ಬಣ್ಣದ ಮೇಲೆ ನಕಲನ್ನು ಕೂರಿಸುವಾಗ ಸಾಲು ವಾಲುತ್ತದೆ. ಈಗಿನ ನಿಯಮದಲ್ಲಿ ಬೈಕಿನ ಹಿಂದಿನ ಪ್ಲೇಟಿಗೆ ಅಕ್ಷರದ ಎತ್ತರ 35, ಅಂಕಿಯದು 40, ಗೆರೆಯ ದಪ್ಪ 7, ನಡುವಿನ ಸಂದು 5 ಮಿ.ಮೀ. ಎಂದಿದೆ. ಕಾರಿಗೆ ಅಕ್ಷರ, ಅಂಕಿ ಎರಡೂ 65, ಗೆರೆ 10, ಸಂದು 10. ಹಳೆ ಕೈಬರಹ ಇದಕ್ಕೆ ಕೂಡುವುದಿಲ್ಲ. ಇಲ್ಲಿ ಅಂಕಿ 43 ಮಿ.ಮೀ., ಗೆರೆ ಕೆಲವು ಕಡೆ 6, ಕೆಲವು ಕಡೆ 8. ಇದ್ದದ್ದು ಇದ್ದ ಹಾಗೇ ನಕಲಾಗಬೇಕು.

ದಿನ 2: ಬಣ್ಣ ಕೀಳುವುದು

ಹಳೆ ಎನಾಮೆಲ್ ಬಣ್ಣದಲ್ಲಿ ಸೀಸ ಇದ್ದೀತು ಎಂದೇ ಹಿಡಿದು ನಡೆಯಬೇಕು. ನಮ್ಮಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮಿತಿ ಜಾರಿಯಾದದ್ದೇ 2017ರ ನವೆಂಬರಿನಲ್ಲಿ. ಆದ್ದರಿಂದ ಒಣ ಮರಳುಕಾಗದ ಬೇಡ, ಡ್ರಿಲ್ಲಿಗೆ ಹಾಕುವ ತಂತಿ ಬ್ರಶ್ಶು ಬೇಡ, ಬಣ್ಣ ಸುಡುವ ಬರ್ನರ್ ಖಂಡಿತ ಬೇಡ. ಒದ್ದೆ ಉಜ್ಜಾಟ ಮಾತ್ರ. ಕೆಸರನ್ನು ಹಳೆ ಪತ್ರಿಕೆಗೆ ಹೀರಿಸಿ ಚೀಲದಲ್ಲಿ ಕಟ್ಟಬೇಕು. ಬಾಲ್ಕನಿಯ ತುಳಸಿ ಕುಂಡಕ್ಕೂ ಮೋರಿಗೂ ಹೋಗಕೂಡದು. ಮಕ್ಕಳಿರುವ ಮನೆಯಲ್ಲಿ ಈ ಒಂದು ದಿನ ಬಾಲ್ಕನಿಯ ಬಾಗಿಲು ಮುಚ್ಚಿರಲಿ.

ಉಕ್ಕಿಗೆ ಅಗ್ಗದ ದಾರಿ: ಪ್ಲಾಸ್ಟಿಕ್ ಟಬ್ಬಿನಲ್ಲಿ ಒಂದು ಲೀಟರ್ ಬಿಸಿನೀರಿಗೆ 100 ಗ್ರಾಂ ವಾಷಿಂಗ್ ಸೋಡಾ, ರಾತ್ರಿಯಿಡೀ ನೆನೆಸು. ಎಣ್ಣೆ ಮೂಲದ ಹಳೆ ಎನಾಮೆಲ್ಲು ಕ್ಷಾರಕ್ಕೆ ಸೋಪಾಗಿ ಮೆತ್ತಗಾಗುತ್ತದೆ, ಬೆಳಗ್ಗೆ ಪ್ಲಾಸ್ಟಿಕ್ ಸ್ಕ್ರೇಪರಿಗೆ ಏಳುತ್ತದೆ. ಅಲ್ಯೂಮಿನಿಯಮ್ಮಿಗೆ ಪೇಂಟ್ ರಿಮೂವರ್ ಜೆಲ್ ಬೇಕು: ದಪ್ಪಗೆ ಹಚ್ಚಿ, ಪ್ಲಾಸ್ಟಿಕ್ ಹಾಳೆ ಹೊದಿಸಿ 20 ನಿಮಿಷ. ಹೆಚ್ಚಿನ ಜೆಲ್ಲುಗಳಲ್ಲಿ ಮಿಥಿಲೀನ್ ಕ್ಲೋರೈಡ್ ಇರುತ್ತದೆ. ಅದು ತೆಳು ನೈಟ್ರೈಲ್ ರಬ್ಬರ್ ಕೈಗವಸಿನೊಳಗೆ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಚರ್ಮ ಉರಿಯತೊಡಗಿದರೆ ಕೈಗವಸು ಬಿಚ್ಚಿ ತೊಳೆದುಕೊಳ್ಳಬೇಕು, ಇನ್ನೊಂದನ್ನು ಮೇಲೆ ಹಾಕಿಕೊಂಡು ಮುಂದುವರಿಯಬಾರದು. ಕೆಲಸ ಬಯಲಲ್ಲಿ, ಗಾಳಿ ಬೆನ್ನ ಹಿಂದಿನಿಂದ ಬರುವಂತೆ ನಿಂತು. ಉಬ್ಬಕ್ಷರದ ಮೂಲೆಗಳಿಗೆ ಹಳೆ ಟೂತ್‌ಬ್ರಶ್ಶು ಸಾಕು. ಉಕ್ಕಿನ ತಂತಿಯುಂಡೆ ಹಾಕಿದರೆ ಅದರ ಚೂರು ಅಲ್ಯೂಮಿನಿಯಮ್ಮಿನಲ್ಲಿ ನಾಟಿ ಆಮೇಲೆ ಕೆಂಪು ಚುಕ್ಕೆಯಾಗುತ್ತದೆ.

ದಿನ 3: ನೇರ ಮಾಡುವುದು

ಉಕ್ಕಿನದು ಸುಲಭ. ಮರದ ಹಲಗೆಯ ಮೇಲೆ ಮಗುಚಿ ಹಾಕಿ, ರಬ್ಬರ್ ಸುತ್ತಿಗೆಯಿಂದ ಅಂಚಿನಿಂದ ನಡುವಿಗೆ ಸಣ್ಣ ಸಣ್ಣ ಏಟು. ಕಬ್ಬಿಣದ ಸುತ್ತಿಗೆ ತಗಡನ್ನು ಹಿಗ್ಗಿಸುತ್ತದೆ. ಒಮ್ಮೆ ಹಿಗ್ಗಿದ ತಗಡು ಎಣ್ಣೆ ಡಬ್ಬಿಯ ತಳದಂತೆ ಟೊಕ್ ಟೊಕ್ ಎನ್ನುತ್ತಲೇ ಇರುತ್ತದೆ.

ಅಲ್ಯೂಮಿನಿಯಂ ಹಾಗಲ್ಲ. ಮಡಚಿದ ಕಡೆ ಲೋಹ ಗಡುಸಾಗಿರುತ್ತದೆ, ತಣ್ಣಗಿರುವಾಗ ಬಿಡಿಸಿದರೆ ಮಡಿಕೆಯುದ್ದಕ್ಕೂ ಸೀಳುತ್ತದೆ. ಮೊದಲು ಮೆದು ಮಾಡಬೇಕು. ಬಣ್ಣವೆಲ್ಲ ಹೋದ ಮೇಲೆ ಆ ಮೂಲೆಯ ಹಿಂದೆ ಬಟ್ಟೆ ಒಗೆಯುವ ಸೋಪನ್ನು ಒಣಗಿದ್ದ ಹಾಗೇ ತಿಕ್ಕಿ, ಮುಂದಿನಿಂದ ಬ್ಲೋಟಾರ್ಚನ್ನು ಆಡಿಸುತ್ತ ಕಾಯಿಸಬೇಕು. ಸೋಪಿನ ಗೆರೆ ಕಂದಾಗಿ ಕಪ್ಪಿಗೆ ತಿರುಗಿದ ಕ್ಷಣ ಬೆಂಕಿ ತೆಗೆ. ಅಲ್ಯೂಮಿನಿಯಂ ಉಕ್ಕಿನಂತೆ ಕೆಂಪಗಾಗಿ ಎಚ್ಚರಿಸುವುದಿಲ್ಲ, 660 ಡಿಗ್ರಿಗೆ ಸುಮ್ಮನೆ ಕರಗಿ ಬೀಳುತ್ತದೆ. ಸೋಪು ಇಲ್ಲಿ ಥರ್ಮಾಮೀಟರು. ಆರಿದ ಮೇಲೆ ಮೂಲೆ ಎರಡು ಮರದ ತುಂಡುಗಳ ನಡುವೆ ಕೈಯಲ್ಲೇ ಬಾಗಿತು.

ಬಿರುಕಿನ ತುದಿಯಲ್ಲಿ 1.5 ಮಿ.ಮೀ. ತೂತು ಕೊರೆದರೆ ಅದು ಅಲ್ಲಿಗೆ ನಿಲ್ಲುತ್ತದೆ. ಹಿಂದಿನಿಂದ 0.8 ಮಿ.ಮೀ. ಅಲ್ಯೂಮಿನಿಯಂ ತುಂಡೊಂದನ್ನು ಎರಡು ಟ್ಯೂಬಿನ ಎಪಾಕ್ಸಿ ಅಂಟಿನಲ್ಲಿ ಕೂರಿಸಿ 24 ಗಂಟೆ ಒತ್ತಿಟ್ಟದ್ದಾಯಿತು. ಅಂಟಿಸುವ ಎರಡೂ ಮೈಯನ್ನು 120 ನಂಬರಿನಲ್ಲಿ ಗೀರಬೇಕು. ನುಣ್ಣನೆ ಅಲ್ಯೂಮಿನಿಯಮ್ಮಿಗೆ ಎಪಾಕ್ಸಿ ಹಿಡಿಯುವುದಿಲ್ಲ.

ದಿನ 3ರ ರಾತ್ರಿಯಿಂದ ದಿನ 6: ತುಕ್ಕು, ಅದಕ್ಕಿಂತ ಮುಖ್ಯವಾಗಿ ಉಪ್ಪು

ಬೆಂಗಳೂರು, ಧಾರವಾಡದ ತಗಡಿನಲ್ಲಿ ತುಕ್ಕು ತೆಗೆದರೆ ಕೆಲಸ ಮುಗಿಯಿತು. ಮುಂಬಯಿ, ಪಣಜಿ, ಕಾರವಾರದಲ್ಲಿ ಓಡಿದ ಗಾಡಿಯ ತಗಡಿನಲ್ಲಿ ತುಕ್ಕಿನ ಕುಳಿಯ ತಳಕ್ಕೆ ಸಮುದ್ರದ ಉಪ್ಪು ಇಳಿದಿರುತ್ತದೆ. ಮೇಲೆ ಎಷ್ಟೇ ಬೆಳ್ಳಿಯಂತೆ ಹೊಳೆಯಲಿ, ಕುಳಿಯಲ್ಲಿ ಉಳಿದ ಉಪ್ಪಿನ ಕ್ಲೋರೈಡು ಗಾಳಿಯ ತೇವ ಎಳೆದುಕೊಂಡು ಬಣ್ಣದ ಅಡಿಯಲ್ಲಿ ಮತ್ತೆ ತುಕ್ಕು ಕಟ್ಟುತ್ತದೆ. ಮಳೆಗಾಲ ಒಂದು ಕಳೆಯುವುದರೊಳಗೆ ಗುಳ್ಳೆ ಎದ್ದ ಪ್ಲೇಟುಗಳಲ್ಲಿ ಎಲ್ಲರೂ ಬೈಯುವುದು ಬಣ್ಣವನ್ನು. ತಪ್ಪು ತೊಳೆದದ್ದರಲ್ಲಿರುತ್ತದೆ.

ತುಕ್ಕಿಗೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್: ಒಂದು ಲೀಟರ್ ಉಗುರುಬೆಚ್ಚನೆ ನೀರಿಗೆ 60 ಗ್ರಾಂ. ತಗಡು ಪೂರ್ತಿ ಮುಳುಗಬೇಕು. ಅರ್ಧ ಮುಳುಗಿದರೆ ನೀರಿನ ಗೆರೆಯಲ್ಲಿ ಕೊರೆತ ಬೀಳುತ್ತದೆ. ಎರಡು ಗಂಟೆಗೊಮ್ಮೆ ನೈಲಾನ್ ಬ್ರಶ್ಶು. ಒಟ್ಟು ಎಂಟು ಗಂಟೆ ಹಿಡಿಯಿತು. ತುಕ್ಕು ಹೋಗಿ ಬೂದು ಬಣ್ಣ ಬಂದ ಕೂಡಲೇ ತೆಗೆಯಬೇಕು. ಇನ್ನೂ ಬಿಟ್ಟರೆ ಆಸಿಡ್ಡು ಒಳ್ಳೆ ಉಕ್ಕನ್ನು ತಿನ್ನತೊಡಗುತ್ತದೆ. ಹುಣಸೆಹಣ್ಣೂ ಕೆಲಸ ಮಾಡುತ್ತದೆ, ಆದರೆ ತಾಮ್ರದ ಚೊಂಬಿನ ಕಿಲುಬಿಗೆ ಸಾಕಾಗುವ ಅದರ ಹುಳಿ ಕುಳಿಬಿದ್ದ ಉಕ್ಕಿಗೆ ಸಾಲದು. ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಹತ್ತಿರಕ್ಕೂ ಬೇಡ. ಅದು ಹೈಡ್ರೋಕ್ಲೋರಿಕ್, ಅಂದರೆ ಯಾವ ಕ್ಲೋರೈಡನ್ನು ಹೊರಹಾಕಲು ಇಷ್ಟು ಒದ್ದಾಟವೋ ಅದನ್ನೇ ಸುರಿದಂತೆ.

ಬ್ಯಾಟರಿ ಚಾರ್ಜರ್ ಹಚ್ಚಿ ವಾಷಿಂಗ್ ಸೋಡಾ ನೀರಿನಲ್ಲಿ ವಿದ್ಯುತ್ತಿನಿಂದ ತುಕ್ಕು ತೆಗೆಯುವವರೂ ಇದ್ದಾರೆ, ಒಳ್ಳೆಯ ವಿಧಾನ. ಒಂದೇ ಎಚ್ಚರ: ಪಾಸಿಟಿವ್ ತುದಿಗೆ ಸಾದಾ ಕಬ್ಬಿಣವೇ ಇರಲಿ. ಸ್ಟೀಲ್ ಚಮಚ ಕಟ್ಟಿದರೆ ನೀರಿಗೆ ವಿಷಕಾರಿ ಕ್ರೋಮಿಯಂ ಬಿಡುತ್ತದೆ. ಏಳುವ ಗುಳ್ಳೆಯಲ್ಲಿ ಹೈಡ್ರೋಜನ್ ಇರುವುದರಿಂದ ಬಯಲಲ್ಲೇ ಮಾಡಬೇಕು.

ಇನ್ನು ತೊಳೆಯುವುದು. ಉಪ್ಪು ತಿಂದವನು ನೀರು ಕುಡಿಯಲೇಬೇಕು, ತಗಡಾದರೂ ಅಷ್ಟೆ. ಮೊದಲು ಹರಿಯುವ ನಲ್ಲಿ ನೀರು. ಆಮೇಲೆ ಲೀಟರಿಗೆ 10 ಗ್ರಾಂ ವಾಷಿಂಗ್ ಸೋಡಾದಲ್ಲಿ ಐದು ನಿಮಿಷ, ಆಸಿಡ್ಡಿನ ಶೇಷ ಸಾಯಲು. ಆಮೇಲೆ ಬಿಸಿನೀರಿನಲ್ಲಿ ಮೂರು ಸಲ, ಸಲಕ್ಕೆ ಅರ್ಧ ಗಂಟೆ, ಪ್ರತಿ ಸಲ ಹೊಸ ನೀರು. ಕೊನೆಯದು ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು. ಹೇರ್‌ಡ್ರೈಯರಿನಲ್ಲಿ ಕೂಡಲೇ ಒಣಗಿಸಿ, ಒಂದು ರಾತ್ರಿ ಕೋಣೆಯಲ್ಲಿ ಹಾಗೇ ಬಿಟ್ಟು ನೋಡಬೇಕು. ಬೆಳಗ್ಗೆ ಮೈಯೆಲ್ಲ ಸಮವಾಗಿ ತೆಳು ಹಳದಿ ಕಂಡರೆ ಅದು ಗಾಳಿಯ ತೇವದ ತುಕ್ಕು, ಒರೆಸಿದರೆ ಹೋಗುತ್ತದೆ. ಕುಳಿಗಳಲ್ಲಿ ಮಾತ್ರ ಕಡುಕಂದು ಚುಕ್ಕೆ, ಕೆಲವೊಮ್ಮೆ ಬೆವರಿನಂತಹ ಹನಿ ಕಂಡರೆ ಉಪ್ಪು ಇನ್ನೂ ಇದೆ. ಬೈಕಿನ ತಗಡಿನಲ್ಲಿ ಬ್ರಾಕೆಟ್ಟು ಕೂರುತ್ತಿದ್ದ ಪಟ್ಟಿಯಲ್ಲಿ ಏಳು ಚುಕ್ಕೆ ಬಂದವು. ಬಿಸಿನೀರಿನ ಸುತ್ತು ಇನ್ನೊಮ್ಮೆ. ಎರಡನೇ ರಾತ್ರಿ ಒಂದೂ ಇಲ್ಲ.

ದಿನ 7: ಪ್ರೈಮರ್

ಉಕ್ಕನ್ನು 320ರಲ್ಲಿ ಉಜ್ಜಿ, ತಿನ್ನರ್ ಬಟ್ಟೆಯಲ್ಲಿ ಒರೆಸಿ, ಬರಿಗೈ ಮುಟ್ಟಿಸದೆ ಎರಡು ಗಂಟೆಯೊಳಗೆ ಪ್ರೈಮರ್. ಎರಡು ಡಬ್ಬಿಯ ಎಪಾಕ್ಸಿ ಜಿಂಕ್ ಫಾಸ್ಫೇಟ್ ಎರಡು ಕೋಟು. ಬೆರಕೆಯ ಅನುಪಾತ ಡಬ್ಬಿಯ ಮೇಲಿದ್ದಂತೆ, ಅಳತೆಗೆ ಔಷಧಿಯ ಸಿರಿಂಜು. ಅಂದಾಜಿಗೆ ಬೆರೆಸಿದ ಎಪಾಕ್ಸಿ ತಿಂಗಳಾದರೂ ಅಂಟಂಟಾಗಿಯೇ ಇರುತ್ತದೆ. ಕುಳಿ ತೀರಾ ಆಳವಿದ್ದರೆ ಮಾತ್ರ ಪ್ರೈಮರಿನ ಮೇಲೆ ಪುಟ್ಟಿ. ಸಣ್ಣ ಕುಳಿಗಳನ್ನು ಬಿಡುವುದೇ ಚೆಂದ, ತಗಡಿನ ವಯಸ್ಸು ಅದರಲ್ಲಿದೆ.

ಅಲ್ಯೂಮಿನಿಯಮ್ಮಿಗೆ ಎಚ್ (etch) ಪ್ರೈಮರ್, ಅಂದರೆ ಲೋಹದ ಮೈಯನ್ನು ತುಸು ಕೊರೆದು ಹಿಡಿಯುವಂಥದ್ದು. ಇದು ತೆಳುವಾಗಿದ್ದಷ್ಟೂ ಒಳ್ಳೆಯದು, ಲೋಹ ಒಳಗಿಂದ ಇಣುಕಬೇಕು. ಎರಡು ಮೂರು ಸಲ ಬಳಿದು ‘ಗಟ್ಟಿ’ ಮಾಡಿದರೆ ಪದರದೊಳಗೇ ಒಡೆದು ಎಲ್ಲ ಬಣ್ಣ ಹಾಳೆಯಂತೆ ಏಳುತ್ತದೆ. ಎಚ್ ಪ್ರೈಮರಿನ ಮೇಲೆ ಪಾಲಿಯೆಸ್ಟರ್ ಪುಟ್ಟಿ ಹಾಕಬಾರದು.

ಅಂಗಡಿಯ ಮಾತು: ಬೋಲ್ಟು, ರೋಲರು, ಕೈಹತ್ಯಾರಗಳಿಗೆ ಮುಂಬಯಿಯ ನಾಗದೇವಿ ಸ್ಟ್ರೀಟು, ಪುಣೆಯಲ್ಲಿ ಬೋಹ್ರಿ ಆಳಿ. ಹಳೆ ತಗಡು ಹುಡುಕುವವರಿಗೆ ಪುಣೆಯ ಜುನಾ ಬಜಾರು ಭಾನುವಾರ, ಬುಧವಾರ.

ದಿನ 8 ಮತ್ತು 10: ಕಪ್ಪು

ಸಿಂಥೆಟಿಕ್ ಎನಾಮೆಲ್, ಕಪ್ಪು, 100 ಮಿ.ಲೀ. ಡಬ್ಬಿ ಎರಡೂ ತಗಡಿಗೆ ಸಾಕು. ಶೇ. 5ರಿಂದ 10ರಷ್ಟು ಮಿನರಲ್ ಟರ್ಪೆಂಟೈನ್, ಹಳೆ ನೈಲಾನ್ ಕಾಲುಚೀಲದಲ್ಲಿ ಸೋಸಬೇಕು. ತೆಳುವಾಗಿ ಎರಡು ಕೋಟು, ನಡುವೆ 48 ಗಂಟೆ. ದಪ್ಪ ಬಳಿದರೆ ಮೇಲೆ ಕೆನೆ ಕಟ್ಟಿ ಒಳಗೆ ಹಸಿ ಉಳಿದು, ಕಾಯಿಸಿದ ಹಾಲಿನ ಕೆನೆಯಂತೆ ಸುಕ್ಕುಗಟ್ಟುತ್ತದೆ. ಹಿಂಬದಿ, ಅಂಚು, ತೂತಿನ ಒಳಗೋಡೆ ಮೂರಕ್ಕೂ ಬಣ್ಣ ತಲುಪಬೇಕು. ತೂತಿಗೆ ಬೆಂಕಿಕಡ್ಡಿ ಅದ್ದಿ ತಿರುಗಿಸಿದರೆ ಆಯಿತು. ತುಕ್ಕು ಹೊಕ್ಕುವುದು ಇಲ್ಲಿಂದಲೇ.

ಬಳಿಯುವ ವೇಳೆಗೆ ಒಂದು ಲೆಕ್ಕವಿದೆ: ತಗಡಿನ ಬಿಸಿ, ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಮಳೆಗಾಲದ ಮುಂಬಯಿಯಲ್ಲಿ 28 ಡಿಗ್ರಿ, ತೇವ ಶೇ. 85 ಇದ್ದರೆ ಇಬ್ಬನಿ ಸುಮಾರು 25ಕ್ಕೇ ಕಟ್ಟುತ್ತದೆ. ಅಂತರ ಸಾಲದು, ಡಬ್ಬಿ ಮುಚ್ಚಿಡುವುದು ಲೇಸು. ಚಳಿಗಾಲ, ಬೇಸಿಗೆಯ ಮಧ್ಯಾಹ್ನ 30 ಡಿಗ್ರಿಗೆ ಶೇ. 60 ಇದ್ದರೆ ಅಂತರ ಎಂಟು ಡಿಗ್ರಿಗಿಂತ ಹೆಚ್ಚು. ಹಾಗಾಗಿ ಹನ್ನೊಂದರಿಂದ ಮೂರು ಗಂಟೆಯೊಳಗೆ ಕೆಲಸ. ಪುಣೆಯವರು ಈ ವಿಷಯದಲ್ಲಿ ಪುಣ್ಯವಂತರು, ನವೆಂಬರಿನಿಂದ ಫೆಬ್ರವರಿ ತನಕ ಒಣ ಹವೆ. ತೇವದ ದಿನ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಸ್ಪ್ರೇ ಹೊಡೆದರೆ ತಿನ್ನರ್ ಆರುವ ತಂಪಿಗೆ ನೀರು ಕೂತು ಕಪ್ಪಿನ ಮೇಲೆ ಬೂದಿ ಬಳಿದಂತಾಗುತ್ತದೆ. ಎನ್‌ಸಿಯ ಇನ್ನೊಂದು ಗುಣ: ಎನಾಮೆಲ್ಲಿನ ಮೇಲೆ ಅದನ್ನು ಹೊಡೆದರೆ ಕೆಳಗಿನ ಬಣ್ಣ ಉಬ್ಬಿ ಏಳುತ್ತದೆ. ಎನ್‌ಸಿಯ ಮೇಲೆ ಎನಾಮೆಲ್ ನಡೆಯುತ್ತದೆ, ತಿರುಗಾಮುರುಗಾ ನಡೆಯುವುದಿಲ್ಲ.

ದಿನ 20: ಬಿಳಿ

ಹತ್ತು ದಿನ ಕಾದದ್ದು ಸುಮ್ಮನೆ ಅಲ್ಲ. ಬರೆಯುವಾಗ ತಪ್ಪಿದರೆ ಟರ್ಪೆಂಟೈನಿನಲ್ಲಿ ಒರೆಸಬೇಕಾಗುತ್ತದೆ, ಕಪ್ಪು ಪೂರ್ತಿ ಗಟ್ಟಿಯಾಗಿರದಿದ್ದರೆ ಅದೂ ಎದ್ದು ಬರುತ್ತದೆ.

ಬಟರ್ ಪೇಪರಿನ ನಕಲನ್ನು ದಪ್ಪ ಬಟ್ಟೆಯ ಮೇಲೆ ಹಾಸಿ, ಅಕ್ಷರದ ಗೆರೆಯುದ್ದಕ್ಕೂ 2 ಮಿ.ಮೀ.ಗೊಂದು ಸೂಜಿತೂತು. ಹಿಂಬದಿಯಲ್ಲಿ ಏಳುವ ಕಾಗದದ ಬೊಬ್ಬೆಯನ್ನು 400ರಲ್ಲಿ ಸವರಿ ತೆಗೆಯದಿದ್ದರೆ ತೂತು ಮುಚ್ಚಿಕೊಳ್ಳುತ್ತವೆ. ಇದನ್ನು ತಗಡಿನ ಮೇಲೆ ತೂತಿಗೆ ತೂತು ಕೂರಿಸಿ, ತೆಳು ಬಟ್ಟೆಯಲ್ಲಿ ಕಟ್ಟಿದ ಸೀಮೆಸುಣ್ಣದ ಪುಡಿಯಿಂದ ಮೆಲ್ಲಗೆ ತಟ್ಟಿದರೆ ಚುಕ್ಕಿಗಳು ಇಳಿಯುತ್ತವೆ. ಹೊಸಿಲಿಗೆ ತೂತಿನ ಅಚ್ಚಿನಿಂದ ರಂಗೋಲಿ ಬಿಡುವವರಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ.

ಬ್ರಶ್ಶು: ಅಳಿಲುಕೂದಲಿನ ಚಪ್ಪಟೆ, 6 ಮಿ.ಮೀ. ಅಗಲ, ಉದ್ದ ಕೂದಲು. ಬಿಳಿ ಎನಾಮೆಲ್ 20 ಮಿ.ಲೀ.ಗೆ ಹಳದಿ ಒಂದೇ ಹನಿ. ಇಂದಿನ ಟೈಟಾನಿಯಂ ಬಿಳಿ ಕಣ್ಣಿಗೆ ಚುಚ್ಚುತ್ತದೆ, ಹಳೆ ಎನಾಮೆಲ್ಲು ವರ್ಷ ಕಳೆದಂತೆ ಹಾಲಿನ ಕೆನೆಯ ಬಣ್ಣಕ್ಕೆ ಬಂದಿರುತ್ತದೆ. ಎಡಗೈಯಲ್ಲಿ ತುದಿಗೆ ಬಟ್ಟೆ ಸುತ್ತಿದ ಕೋಲು, ಅದರ ಮೇಲೆ ಬಲಗೈಯ ಮಣಿಕಟ್ಟು. ಮೊದಲು ಎಲ್ಲ ನಿಲುವು ಗೆರೆ, ಆಮೇಲೆ ಅಡ್ಡ, ಕೊನೆಗೆ ಬಾಗು. ಒಂದು ಗೆರೆಗೆ ಒಂದೇ ಎಳೆತ. ಎರಡನೇ ಕೋಟು ಮರುದಿನ. ಮಾಸ್ಕಿಂಗ್ ಟೇಪ್ ಹಚ್ಚಿ ಬಳಿದರೆ ಅಂಚಿನಲ್ಲಿ ಏಣು ನಿಂತು ಸ್ಟಿಕ್ಕರಿನಂತೆ ಕಾಣುತ್ತದೆ. ಕೈ ನಡುಗುವವರಿಗೆ ಟೇಪೇ ಗತಿಯಾದರೆ, ಬಿಳಿಗಿಂತ ಮೊದಲು ಟೇಪಿನ ಅಂಚಿಗೆ ಅದೇ ಕಪ್ಪನ್ನು ಒಮ್ಮೆ ಸವರಬೇಕು. ಸಂದುಗಳಿಗೆ ಕಪ್ಪು ತುಂಬಿಕೊಂಡು ಬಿಳಿ ಒಳಗೆ ಹರಿಯುವುದಿಲ್ಲ.

ಉಬ್ಬಕ್ಷರಕ್ಕೆ ಬ್ರಶ್ಶೇ ಬೇಡ. ಗಾಜಿನ ಮೇಲೆ ಬಿಳಿಯನ್ನು ತೆಳುವಾಗಿ ಹರಡಿ, 50 ಮಿ.ಮೀ.ನ ಗಟ್ಟಿ ರಬ್ಬರ್ ರೋಲರನ್ನು ಉರುಳಿಸಬೇಕು. ಅಂಟುಅಂಟಾದ ಸದ್ದು ಬಂದರೆ ಹದ. ಪಿಚಪಿಚ ಎಂದರೆ ಬಣ್ಣ ಹೆಚ್ಚು. ಭಾರ ಹಾಕದೆ ತಗಡಿನ ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ಎಳೆ. ಸ್ಪಂಜಿನ ರೋಲರು ಅಮುಕಿಕೊಂಡು ಅಕ್ಷರದ ಪಕ್ಕಕ್ಕೆ ಬಣ್ಣ ಇಳಿಸುತ್ತದೆ. ನೇರ ಮಾಡಿದ ಮೂಲೆ ಅರ್ಧ ಮಿ.ಮೀ. ತಗ್ಗಿತ್ತು, ಅಲ್ಲಿಯ ಕೊನೆಯ ಅಂಕಿಯನ್ನು ರೋಲರ್ ಮುಟ್ಟಲಿಲ್ಲ. ಅದಕ್ಕೆ ಮಾತ್ರ ಬ್ರಶ್ಶು.

ಮೇಲೆ ಕ್ಲಿಯರ್ ಕೋಟು ಹಾಕಲಿಲ್ಲ. ಹಳೆಯದರಲ್ಲಿ ಅದು ಇರಲಿಲ್ಲ, ಮತ್ತು ಹಾರ್ಡನರ್ ಬೆರೆಸಿದ ಕ್ಲಿಯರ್ ಹಸಿ ಎನಾಮೆಲ್ಲನ್ನು ಸುಕ್ಕು ಮಾಡುತ್ತದೆ. ತಿಂಗಳ ಮೇಲೆ ಕಾರ್ನೂಬಾ ಮೇಣ ಸಾಕು.

ಕೂರಿಸುವ ಮುನ್ನ

ಮಹಾರಾಷ್ಟ್ರದಲ್ಲಿ 2019ರ ಏಪ್ರಿಲ್ 1ಕ್ಕಿಂತ ಹಿಂದಿನ ಗಾಡಿಗಳಿಗೂ ಹೈ ಸೆಕ್ಯುರಿಟಿ ಪ್ಲೇಟು ಕಡ್ಡಾಯವಾಗಿದೆ. ಬಳಿದ ಹಳೆ ತಗಡು ಅದರ ಬದಲಿಯಲ್ಲ, ರಸ್ತೆಗಿಳಿಯುವ ಗಾಡಿಯಲ್ಲಿ ಅದು ಸಲ್ಲದು. ಗೋಡೆಗೆ, ನಿಂತಲ್ಲೇ ನಿಲ್ಲುವ ಗಾಡಿಗೆ, ಪ್ರದರ್ಶನಕ್ಕೆ ಇದು. ಐವತ್ತು ವರ್ಷ ದಾಟಿ ಮೂಲರೂಪದಲ್ಲೇ ಇರುವ ಗಾಡಿಗಳಿಗೆ 2021ರ ವಿಂಟೇಜ್ ನಿಯಮದಡಿ ‘ವಿಎ’ ಸೇರಿಸಿದ ಪ್ರತ್ಯೇಕ ಸರಣಿ ಇದೆ. ಮೊದಲೇ ನೋಂದಾಯಿತವಾದವು ತಮ್ಮ ಮೂಲ ನಂಬರನ್ನೇ ಉಳಿಸಿಕೊಳ್ಳಬಹುದು. ತಮ್ಮದಲ್ಲದ ಗಾಡಿಯ ನಂಬರನ್ನು ಯಾರು ಕೇಳಿದರೂ ಬರೆದು ಕೊಡಬಾರದು.

ಬೋಲ್ಟು: ಐಡಿಯಲ್ ಜಾವಾದ ಗಾಡಿಗಳು ಮೆಟ್ರಿಕ್, ಎಂ6 × 16 ಸರಿಹೋಗುತ್ತದೆ. ಹಳೆ ಇಂಗ್ಲಿಷ್ ಗಾಡಿಗಳ ಕಾಲಂಗುಲದ ಬೋಲ್ಟು 6.35 ಮಿ.ಮೀ. ತಿರುಪಿನ ಎಳೆಯೂ ಬೇರೆ, ಎಂ6 ತಿರುಪಿದರೆ ಎರಡು ಸುತ್ತಿನವರೆಗೆ ಹಿಡಿದಂತೆ ಮಾಡಿ ಎಳೆ ಕೀಳುತ್ತದೆ. ಅಲ್ಯೂಮಿನಿಯಂ ತಗಡಿಗೆ ಬೋಲ್ಟಿನ ತಲೆಯಡಿ, ನಟ್ಟಿನಡಿ ಎರಡೂ ಕಡೆ ನೈಲಾನ್ ವಾಷರ್ ಇರಬೇಕು. ಉಕ್ಕು, ಅಲ್ಯೂಮಿನಿಯಂ, ಉಪ್ಪುನೀರು ಮೂರೂ ಕೂಡಿದರೆ ಸಣ್ಣ ಬ್ಯಾಟರಿಯಾಗಿ ಅಲ್ಯೂಮಿನಿಯಮ್ಮೇ ಕರಗುತ್ತದೆ. ಈ ತಗಡಿನ ಬಿರುಕು ಶುರುವಾದ ತೂತಿನ ಸುತ್ತ ಇದ್ದ ಬಿಳಿ ಪುಡಿ ಅದೇ. ತಗಡಿಗೂ ಬ್ರಾಕೆಟ್ಟಿಗೂ ನಡುವೆ 5 ಮಿ.ಮೀ. ರಬ್ಬರ್ ಬುಶ್ ಕೊಟ್ಟದ್ದರಿಂದ ನೀರು ನಿಲ್ಲದೆ ಇಳಿದುಹೋಗುತ್ತದೆ. ಬಟರ್ ಪೇಪರಿನ ನಕಲನ್ನು ಸುರುಳಿ ಸುತ್ತದೆ, ಸುಣ್ಣದ ಪುಡಿ ಕೊಡವಿ, ಎರಡು ರಟ್ಟಿನ ನಡುವೆ ಚಪ್ಪಟೆಯಾಗಿ ಇಟ್ಟಾಗಿದೆ. ಮೂಲೆಯಲ್ಲಿ ಬಣ್ಣದ ಹೆಸರು, ಬಿಳಿಗೆ ಬೆರೆಸಿದ ಹಳದಿಯ ಅಳತೆ, ತಾರೀಕು ಬರೆದಿದೆ.